ಉಷ್ಣಮಾಪಕದ ಕಣ್ಣಿನಲ್ಲಿ ಹಳ್ಳಿ ಮತ್ತು ಪಟ್ಟಣ

ಹಳ್ಳಿಗೂ ಪಟ್ಟಣಕ್ಕೂ ಇರುವ ವ್ಯತ್ಯಾಸವೇನೆಂದು ಕೇಳಿದರೆ ಉತ್ತರ ಕೊಡಲಾರದವರು ಯಾರೂ ಇಲ್ಲ. ಹೊಲಗದ್ದೆಗಳಿರುವುದು ಹಳ್ಳಿ, ಅಂಗಡಿ ಕಚೇರಿಗಳಿರುವುದು ಪಟ್ಟಣ. ಒಬ್ಬರನ್ನೊಬ್ಬರು ಬಲ್ಲವರು ವಾಸಿಸುವುದು ಹಳ್ಳಿ, ನೆರೆಮನೆಯವರ ಹೆಸರನ್ನೂ ಅರಿಯದವರು ವಾಸಿಸುವುದು ಪಟ್ಟಣ. ಈ ಉತ್ತರಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಹಳ್ಳಿ ಎಲ್ಲಿ ಮುಗಿದು ಪಟ್ಟಣ ಎಲ್ಲಿ ಆರಂಭವಾಗುತ್ತದೆಂಬುದನ್ನು ಗೆರೆಯೆಳೆದು ತೋರಿಸಿ ಎಂದರೆ ಮಾತ್ರ ನಾವು ತಡವರಿಸುತ್ತೇವೆ. ನಮ್ಮ ಊರುಗಳ ಹೆಸರುಗಳೇ ಈ ತೊಡಕಿಗೆ ಸಾಕ್ಷಿ. ಬೆಂಗಳೂರಿನ ಮಾರತ್ತಹಳ್ಳಿಯಲ್ಲಿ ಹಳ್ಳಿ ಎಂಬುದು ಈಗ ಹೆಸರಿನ ಕೊನೆಯಲ್ಲಿ ಮಾತ್ರ ಉಳಿದಿದೆ. ಅಂತೆಯೇ ಆ ನಗರದೊಳಗೆ ಕರಗಿಹೋದ ಪಾಳ್ಯಗಳೆಷ್ಟು, ಸಂದ್ರಗಳೆಷ್ಟು! ಇವು ಹಳ್ಳಿಯಾಗಿದ್ದುದು ಯಾವ ದಿನದವರೆಗೆ, ಪಟ್ಟಣವಾದದ್ದು ಯಾವ ದಿನದಿಂದ?

ಸರ್ಕಾರಕ್ಕೆ ಈ ತಡವರಿಕೆ ಸಲ್ಲದು. ಲೆಕ್ಕ ಬರೆಯುವವರು ಎಲ್ಲಾದರೂ ಒಂದು ಗೆರೆಯನ್ನು ಎಳೆಯಲೇಬೇಕು. ಭಾರತದ ಜನಗಣತಿಯು ಇದಕ್ಕಾಗಿ ಮೂರು ಅಳತೆಗೋಲುಗಳನ್ನು ಇಟ್ಟುಕೊಂಡಿದೆ. ಊರಿನ ಜನಸಂಖ್ಯೆ 5,000ಕ್ಕೆ ಕಡಮೆಯಿರಬಾರದು. ಚದರ ಕಿಲೋಮೀಟರಿಗೆ 400 ಜನರಾದರೂ ವಾಸಿಸುತ್ತಿರಬೇಕು. ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯವಲ್ಲದ ಕಸುಬುಗಳಲ್ಲಿ ತೊಡಗಿರಬೇಕು. ಈ ಅಳತೆಗಳು 1961ರ ಗಣತಿಯಲ್ಲಿ ರೂಪುಗೊಂಡು, ಅಲ್ಪಸ್ವಲ್ಪ ತಿದ್ದುಪಡಿಗಳೊಡನೆ ಮುಂದುವರಿದು ಬಂದಿವೆ. ದುಡಿಯುವ ಹೆಂಗಸರನ್ನು ಲೆಕ್ಕದಿಂದ ಏತಕ್ಕೆ ಬಿಟ್ಟರೆಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಭೌತಶಾಸ್ತ್ರಕ್ಕೆ ಸೇರಿದ ಪ್ರಶ್ನೆಯಲ್ಲ. ಈ ಮೂರು ಅಳತೆಗಳನ್ನು ತಲಪಿದ ಊರಿಗೆ ಗಣತಿ ಪಟ್ಟಣವೆಂದು ಹೆಸರು. ಇವಲ್ಲದೆ, ರಾಜ್ಯ ಸರ್ಕಾರವು ಪಟ್ಟಣ ಪಂಚಾಯಿತಿಯನ್ನೋ ಪುರಸಭೆಯನ್ನೋ ನಗರಸಭೆಯನ್ನೋ ಸ್ಥಾಪಿಸಿರುವ ಊರುಗಳು ಕಾನೂನಿನ ಬಲದಿಂದಲೇ ಪಟ್ಟಣಗಳೆನಿಸುತ್ತವೆ. 2011ರ ಗಣತಿಯಲ್ಲಿ ದೇಶದ ಪಟ್ಟಣಗಳು ಒಟ್ಟು 7,935. ಅವುಗಳಲ್ಲಿ 4,041 ಕಾನೂನಿನ ಪಟ್ಟಣಗಳು. ಉಳಿದ 3,894 ಗಣತಿ ಪಟ್ಟಣಗಳು. ಈ ಎರಡನೆಯ ಬಗೆಯವು 2001ರಲ್ಲಿ 1,362 ಮಾತ್ರ ಇದ್ದವು. ಹತ್ತು ವರ್ಷಗಳಲ್ಲಿ ಎರಡೂವರೆ ಸಾವಿರಕ್ಕೂ ಮೀರಿದ ಊರುಗಳು ಜನರ ಕಸುಬಿನಲ್ಲಿ ಪಟ್ಟಣಗಳಾಗಿ, ಆಡಳಿತದಲ್ಲಿ ಹಳ್ಳಿಗಳಾಗಿಯೇ ಉಳಿದವೆಂಬುದು ಇದರಿಂದ ತಿಳಿದುಬರುತ್ತದೆ. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ತಲೆಗಳನ್ನು ಎಣಿಸದೆ, ಕಸುಬನ್ನು ವಿಚಾರಿಸದೆ ಹಳ್ಳಿ ಪಟ್ಟಣಗಳನ್ನು ಬೇರ್ಪಡಿಸಬಲ್ಲ ಇನ್ನೊಂದು ಸಾಧನವುಂಟು. ಅದು ಪ್ರಯೋಗಶಾಲೆಯಲ್ಲಿ ನಮಗೆಲ್ಲ ಪರಿಚಿತವಾದ ಉಷ್ಣಮಾಪಕ. ಅದನ್ನು ಈ ಕೆಲಸಕ್ಕೆ ಮೊದಲು ತೊಡಗಿಸಿದವನು ಲಂಡನ್ನಿನ ಲೂಕ್ ಹೋವರ್ಡ್ ಎಂಬಾತ. ಕಸುಬಿನಿಂದ ಇವನು ಔಷಧ ರಾಸಾಯನಿಕಗಳ ತಯಾರಕ. ಹವ್ಯಾಸದಿಂದ ಆಕಾಶವನ್ನು ನೋಡುವವನು. ಮೋಡಗಳಿಗೆ ಇಂದು ನಾವು ಬಳಸುವ ಲ್ಯಾಟಿನ್ ಹೆಸರುಗಳ ಮೂಲಪದ್ಧತಿಯನ್ನು ಹಾಕಿಕೊಟ್ಟವನೂ ಇವನೇ. ಲಂಡನ್ ನಗರದ ನಡುವಿನ ಉಷ್ಣತೆಯನ್ನೂ ಹೊರವಲಯದ ಹಳ್ಳಿಗಾಡಿನ ಉಷ್ಣತೆಯನ್ನೂ ವರ್ಷಗಟ್ಟಲೆ ಹೋಲಿಸಿ, ಅದರ ಫಲವನ್ನು 1818 ಮತ್ತು 1820ರಲ್ಲಿ ಎರಡು ಸಂಪುಟಗಳಾಗಿ ಹೊರತಂದನು. ನಗರದ ರಾತ್ರಿಯು ಹಳ್ಳಿಯ ರಾತ್ರಿಗಿಂತ ಸರಾಸರಿ 3.70 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್, ಹೆಚ್ಚು ಬೆಚ್ಚಗಿರುತ್ತದೆ ಎಂಬುದು ಅವನು ಕಂಡ ಸಂಗತಿ. ಹಗಲಿನಲ್ಲಾದರೋ ನಗರವೇ 0.34 ಡಿಗ್ರಿ ಫ್ಯಾರನ್‌ಹೀಟಿನಷ್ಟು ತಂಪು! ಬಿಸಿಲಿನಲ್ಲಿ ಬೇಯುವುದು ಪಟ್ಟಣವೇ ಎಂದು ನಂಬಿದವರಿಗೆ ಇದು ವಿಚಿತ್ರವಾಗಿ ತೋರಬಹುದು. ಪಟ್ಟಣದ ವೈಶಿಷ್ಟ್ಯವಿರುವುದು ಅದರ ಹಗಲಿನಲ್ಲಿ ಅಲ್ಲ, ಇರುಳಿನಲ್ಲಿ. ಸುತ್ತಲಿನ ತಂಪಾದ ಬಯಲಿನ ನಡುವೆ ಬೆಚ್ಚನೆಯ ಪಟ್ಟಣವು ಕಡಲಿನ ನಡುವಣ ದ್ವೀಪದಂತೆ ಎದ್ದು ತೋರುವುದರಿಂದ ವಿಜ್ಞಾನಿಗಳು ಇದನ್ನು ಉಷ್ಣದ್ವೀಪವೆಂದು ಕರೆಯುತ್ತಾರೆ.

ಇದರ ಕಾರಣವನ್ನು ತಿಳಿಯಲು ನೆಲದ ಆಯವ್ಯಯವನ್ನು ಪರಿಶೀಲಿಸೋಣ. ತಿಳಿಯಾದ ಆಕಾಶದಲ್ಲಿ ನಡುಹಗಲಿನ ಸೂರ್ಯನು ಪ್ರತಿ ಚದರ ಮೀಟರಿಗೆ ಸುಮಾರು 1,000 ವ್ಯಾಟ್ ಶಕ್ತಿಯನ್ನು ಸುರಿಯುತ್ತಾನೆ. ಹಳ್ಳಿಗೂ ಪಟ್ಟಣಕ್ಕೂ ಆದಾಯ ಒಂದೇ; ವೆಚ್ಚದ ರೀತಿ ಮಾತ್ರ ಬೇರೆ. ಬಂದ ಶಕ್ತಿಯಲ್ಲಿ ಒಂದು ಪಾಲು ಪ್ರತಿಫಲಿಸಿ ಹಿಂದಿರುಗುತ್ತದೆ. ಪೈರು ಬೆಳೆದ ಹೊಲ ನೂರಕ್ಕೆ ಇಪ್ಪತ್ತು ಪಾಲನ್ನು ಹಿಂದಕ್ಕೆ ಕಳುಹಿಸಿದರೆ, ಹೊಸದಾಗಿ ಹಾಕಿದ ಡಾಂಬರು ರಸ್ತೆ ಕಳುಹಿಸುವುದು ಐದೋ ಹತ್ತೋ ಪಾಲು. ಉಳಿದದ್ದರಲ್ಲಿ ಸ್ವಲ್ಪ ಭಾಗ ಗಾಳಿಯನ್ನು ಕಾಯಿಸುತ್ತದೆ, ಸ್ವಲ್ಪ ಭಾಗ ನೆಲದೊಳಕ್ಕೆ ಇಳಿಯುತ್ತದೆ, ಸ್ವಲ್ಪ ಭಾಗ ನೀರನ್ನು ಆವಿಯಾಗಿಸುತ್ತದೆ. ಈ ಕೊನೆಯ ವೆಚ್ಚವೇ ಹಳ್ಳಿಯನ್ನು ಪಟ್ಟಣದಿಂದ ಬಹುಮಟ್ಟಿಗೆ ಬೇರ್ಪಡಿಸುತ್ತದೆ.

ನೀರು ಆವಿಯಾಗುವಾಗ ಗುಪ್ತೋಷ್ಣವನ್ನು ಹೀರಿಕೊಳ್ಳುವುದೆಂಬುದನ್ನು ವಿದ್ಯಾರ್ಥಿಗಳು ಪ್ರೌಢಶಾಲೆಯಲ್ಲಿಯೇ ಕಲಿತಿದ್ದಾರೆ. ನಮ್ಮ ಹವೆಯ ಉಷ್ಣತೆಯಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 24.5 ಲಕ್ಷ ಜೂಲ್ ಬೇಕು. ಆದರೆ ಈ ಅಂಕಿಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವವರಲ್ಲಿ ಅನೇಕರು ಅದನ್ನು ಒಂದು ಗದ್ದೆಗೆ ಅನ್ವಯಿಸಿ ನೋಡಿರಲಾರರು. ನೀರು ನಿಂತ ಒಂದು ಎಕರೆ ಬತ್ತದ ಗದ್ದೆಯನ್ನು ತೆಗೆದುಕೊಳ್ಳೋಣ. ಒಳ್ಳೆಯ ಬಿಸಿಲಿನ ದಿನ ಅಲ್ಲಿಂದ 5 ಮಿಲಿಮೀಟರ್ ದಪ್ಪದ ನೀರಿನ ಪದರ ಆವಿಯಾಗಿ ಹೋಗುವುದು ಅಸಾಧಾರಣವೇನಲ್ಲ. ಎಕರೆಯ ವಿಸ್ತೀರ್ಣ 4,047 ಚದರ ಮೀಟರ್. ಆದ್ದರಿಂದ ಹೋದ ನೀರು ಸುಮಾರು 20,000 ಲೀಟರು. ಅದು ಕೊಂಡೊಯ್ದ ಶಾಖ ಸುಮಾರು 5,000 ಕೋಟಿ ಜೂಲ್. ವಿದ್ಯುಚ್ಛಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ 13,700 ಯೂನಿಟ್ಟಿಗೂ ಹೆಚ್ಚು! ಪಟ್ಟಣದ ಮನೆಗಳಲ್ಲಿ ಸಾಮಾನ್ಯವಾದ ಒಂದೂವರೆ ಟನ್ನಿನ ಹವಾನಿಯಂತ್ರಕವು ಹತ್ತು ಗಂಟೆಗಳ ಕಾಲ ಎಡೆಬಿಡದೆ ನಡೆದರೆ ಸುಮಾರು 53 ಯೂನಿಟ್ಟಿನಷ್ಟು ಶಾಖವನ್ನು ಕೋಣೆಯಿಂದ ಹೊರಹಾಕುತ್ತದೆ. ಎಂದರೆ ಒಂದು ಎಕರೆ ಗದ್ದೆಯು ಸದ್ದಿಲ್ಲದೆ ಮಾಡಿದ ಕೆಲಸಕ್ಕೆ ಇಂತಹ 260 ಯಂತ್ರಗಳು ಬೇಕು.

ಈ ಹೋಲಿಕೆಯೂ ಯಂತ್ರಕ್ಕೆ ಅನುಕೂಲವಾಗಿಯೇ ಇದೆ. ಏತಕ್ಕೆಂದರೆ ಹವಾನಿಯಂತ್ರಕವು ಶಾಖವನ್ನು ನಾಶಮಾಡುವುದಿಲ್ಲ. ಕೋಣೆಯಲ್ಲಿದ್ದುದನ್ನು ಬೀದಿಗೆ ಸಾಗಿಸುತ್ತದೆ, ಮತ್ತು ತಾನು ನಡೆಯಲು ಬಳಸಿದ ವಿದ್ಯುತ್ತನ್ನೂ ಶಾಖವಾಗಿಸಿ ಅದರೊಡನೆ ಸೇರಿಸುತ್ತದೆ. ಒಳಗಿರುವವನಿಗೆ ತಂಪು, ಕಿಟಕಿಯ ಕೆಳಗೆ ತಳ್ಳುಗಾಡಿ ನಿಲ್ಲಿಸಿಕೊಂಡವನಿಗೆ ಬಿಸಿ. ಗದ್ದೆಯಿಂದ ಹೊರಟ ಆವಿಯಾದರೋ ಹೀರಿಕೊಂಡ ಶಾಖವನ್ನು ತನ್ನೊಡನೆ ಮೇಲಕ್ಕೆ ಒಯ್ದು, ಎಷ್ಟೋ ಎತ್ತರದಲ್ಲಿ ಮೋಡವಾಗುವಾಗ ಬಿಟ್ಟುಕೊಡುತ್ತದೆ.

ಪಟ್ಟಣದಲ್ಲಿ ಈ ವೆಚ್ಚಕ್ಕೆ ಅವಕಾಶವೇ ಕಡಮೆ. ಸಿಮೆಂಟು ಡಾಂಬರುಗಳಿಂದ ಮುಚ್ಚಿದ ನೆಲದ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ಗಳಿಗೆಯೊಳಗೆ ಚರಂಡಿ ಸೇರುತ್ತದೆ. ಒಂದು ಎಕರೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೆ ಸಮ. ಉತ್ತ ಹೊಲ ಇದರಲ್ಲಿ ಹೆಚ್ಚಿನ ಪಾಲನ್ನು ಕುಡಿದು, ಮುಂದಿನ ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಆವಿಗೆ ಕೊಡುತ್ತದೆ. ಮುಚ್ಚಿದ ನೆಲ ಅದನ್ನೆಲ್ಲ ತಗ್ಗಿನವರ ಅಂಗಳಕ್ಕೆ ಅಟ್ಟುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ದೋಣಿಗಳು ಓಡಾಡಿದುದನ್ನು ಎಲ್ಲರೂ ಬಲ್ಲರು. ಆ ನೆರೆಯನ್ನು ಕುರಿತು ಬೇಕಾದಷ್ಟು ಬರೆದಾಗಿದೆ. ಅದರ ಇನ್ನೊಂದು ಮುಖವನ್ನು ಮಾತ್ರ ಅಷ್ಟಾಗಿ ಗಮನಿಸಿಲ್ಲ: ಹರಿದುಹೋದ ನೀರು ಮರುದಿನ ಆವಿಯಾಗಲು ಊರಿನಲ್ಲಿ ಉಳಿದಿರುವುದಿಲ್ಲ. ಇಂದಿನ ನೆರೆಯೊಡನೆ ನಾಳೆಯ ತಂಪೂ ಕೊಚ್ಚಿಹೋಗುತ್ತದೆ. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯಿದ್ದ ಜಾಗದಲ್ಲಿ ಕ್ರೀಡಾಂಗಣವೂ ಎದ್ದಾಗ ಬೆಂಗಳೂರು ಕಳೆದುಕೊಂಡದ್ದು ಕುಡಿಯುವ ನೀರನ್ನಷ್ಟೇ ಅಲ್ಲ.

ಇನ್ನು ಇರುಳಿನ ಕಥೆ. ಸೂರ್ಯ ಮುಳುಗಿದ ಮೇಲೆ ಆದಾಯ ನಿಂತುಹೋಗುತ್ತದೆ, ವೆಚ್ಚ ನಿಲ್ಲುವುದಿಲ್ಲ. ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಅವಕೆಂಪು ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ಸ್ಟೆಫಾನ್ ನಿಯಮವನ್ನು ಬಳಸಿದರೆ, 27 ಡಿಗ್ರಿ ಸೆಲ್ಸಿಯಸ್, ಎಂದರೆ 300 ಡಿಗ್ರಿ ಕೆಲ್ವಿನ್ ಉಷ್ಣತೆಯ ನೆಲ ಚದರ ಮೀಟರಿಗೆ ಸುಮಾರು 460 ವ್ಯಾಟ್‌ನಂತೆ ಶಕ್ತಿಯನ್ನು ಕಳೆದುಕೊಳ್ಳಬೇಕು. ಆದರೆ ಮೇಲಿನ ವಾಯುಮಂಡಲವೂ ಕಿರಣಗಳನ್ನು ಕೆಳಕ್ಕೆ ಕಳುಹಿಸುವುದರಿಂದ, ಮೋಡವಿಲ್ಲದ ಒಣಹವೆಯ ರಾತ್ರಿಯಲ್ಲಿ ನೆಲಕ್ಕಾಗುವ ನಿವ್ವಳ ನಷ್ಟ ನೂರು ವ್ಯಾಟ್ ಆಸುಪಾಸಿನಲ್ಲಿರುತ್ತದೆ. ತೆರೆದ ಬಯಲಿನಲ್ಲಿ ಈ ನಷ್ಟಕ್ಕೆ ಅಡ್ಡಿಯಿಲ್ಲ. ಆದುದರಿಂದಲೇ ಮಾಗಿಯ ಕಾಲದಲ್ಲಿ ಹಳ್ಳಿಯ ಹೊಲದ ಬದುವಿನ ಹುಲ್ಲು ಬೆಳಗಾಗುವಷ್ಟರಲ್ಲಿ ಇಬ್ಬನಿಯಿಂದ ತೊಯ್ದಿರುತ್ತದೆ. ಸಂಜೆ ಒಲೆಗಳಿಂದೆದ್ದ ಹೊಗೆ ಮೇಲೇರಲಾರದೆ ಮನೆಗಳ ಮೇಲೆ ಚಾಪೆ ಹಾಸಿದಂತೆ ನಿಲ್ಲುತ್ತದೆ. ನೆಲಕ್ಕಂಟಿದ ಗಾಳಿ ಮೇಲಿನ ಗಾಳಿಗಿಂತ ತಣ್ಣಗಾಗಿ, ಭಾರವಾಗಿ, ಕೆಳಗೇ ಕುಳಿತಿರುವುದೇ ಇದಕ್ಕೆ ಕಾರಣ. ಪಟ್ಟಣದ ಬೀದಿಗಳಲ್ಲಿ ಇಬ್ಬನಿಯನ್ನು ಹುಡುಕಬೇಕಾದರೆ ಮಹಡಿಯ ಮೇಲಕ್ಕೆ ಹತ್ತಬೇಕು.

ಬೀದಿಯಲ್ಲಿ ಇಬ್ಬನಿ ಏಕಿಲ್ಲ? ಬೀದಿಯಲ್ಲಿ ನಿಂತ ನಮಗೆ ಆಕಾಶ ಎಷ್ಟು ಕಾಣುತ್ತದೆಂಬ ಸರಳ ಪ್ರಶ್ನೆಯಲ್ಲಿ ಉತ್ತರವಿದೆ. ನೆಲವು ಸೂಸಿದ ಕಿರಣ ಆಕಾಶವನ್ನು ಮುಟ್ಟಿದರೆ ಹೋಯಿತು. ಎದುರು ಗೋಡೆಯನ್ನು ಮುಟ್ಟಿದರೆ ಅಲ್ಲೇ ಹೀರಲ್ಪಟ್ಟು, ಅಷ್ಟೇ ಬೆಚ್ಚಗಿರುವ ಆ ಗೋಡೆಯಿಂದ ಮತ್ತೆ ನಮ್ಮ ಕಡೆಗೆ ಮರಳುತ್ತದೆ. ಎರಡೂ ಬದಿಗೆ ಒಂದೇ ಎತ್ತರದ ಮನೆಗಳು ಸಾಲಾಗಿರುವ ಉದ್ದನೆಯ ಬೀದಿಯ ಮಧ್ಯದಲ್ಲಿ ನಿಂತು, ಸೂರಿನ ಅಂಚು ನೆಲದ ಮಟ್ಟದಿಂದ ಎಷ್ಟು ಕೋನದ ಎತ್ತರದಲ್ಲಿದೆಯೆಂದು ಅಳೆದರೆ, ಆ ಕೋನದ ಕೊಸೈನ್ ಬೆಲೆಯೇ ನೆಲಕ್ಕೆ ದಕ್ಕಿದ ಆಕಾಶದ ಪಾಲು. ಇಷ್ಟು ಸುಲಭವಾದ ಸೂತ್ರಗಳು ಭೌತಶಾಸ್ತ್ರದಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ. ಹನ್ನೆರಡು ಮೀಟರ್ ಅಗಲದ ಬೀದಿ, ನಾಲ್ಕು ಮೀಟರ್ ಎತ್ತರದ ಮನೆಗಳು: ಕೋನ ಸುಮಾರು 34 ಡಿಗ್ರಿ, ಆಕಾಶದ ಪಾಲು ನೂರಕ್ಕೆ 83. ಆರು ಮೀಟರ್ ಅಗಲದ ಗಲ್ಲಿ, ಹದಿನೈದು ಮೀಟರಿನ ಐದು ಅಂತಸ್ತಿನ ಕಟ್ಟಡಗಳು: ಕೋನ ಸುಮಾರು 79 ಡಿಗ್ರಿ, ಆಕಾಶದ ಪಾಲು ನೂರಕ್ಕೆ 20. ಗಲ್ಲಿಯ ನೆಲ ತನ್ನ ಶಾಖವನ್ನು ಕಳೆದುಕೊಳ್ಳಬೇಕೆಂದರೂ ಕಿಂಡಿಯೇ ಕಿರಿದು. ಹೋವರ್ಡನು ಹಗಲಿನಲ್ಲಿ ಕಂಡ ವಿಚಿತ್ರಕ್ಕೂ ಇದು ಅಂಶತಃ ಸಮಾಧಾನ ಹೇಳುತ್ತದೆ: ಆಕಾಶಕ್ಕೆ ಅಡ್ಡವಾದ ಗೋಡೆ ಬಿಸಿಲಿಗೂ ಅಡ್ಡವಾಗುತ್ತದೆ. ಲಂಡನ್ನಿನ ಕಲ್ಲಿದ್ದಲ ಹೊಗೆಯೂ ಸೂರ್ಯನನ್ನು ಮಸುಕುಗೊಳಿಸುತ್ತಿತ್ತು.

ಗೋಡೆಗಳ ಒಳಗೂ ಒಂದು ನಾಟಕ ನಡೆಯುತ್ತದೆ. ಗೋಡೆಯ ಹೊರಮೈಯನ್ನು ಬಿಸಿಲು ಕಾಯಿಸಿದಾಗ ಶಾಖವು ಒಂದು ಅಲೆಯಂತೆ ಒಳಕ್ಕೆ ಸಾಗುತ್ತದೆ. ಸಾಗಿದಂತೆಲ್ಲ ಕ್ಷೀಣಿಸುತ್ತದೆ ಮತ್ತು ತಡವಾಗುತ್ತದೆ. ಹನ್ನೆರಡು ಹದಿನೈದು ಸೆಂಟಿಮೀಟರಿನ ಕಾಂಕ್ರೀಟು ತಾರಸಿಯನ್ನು ದಾಟಲು ಈ ಅಲೆಗೆ ಮೂರು ನಾಲ್ಕು ಗಂಟೆ ಬೇಕು. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಗೆ ಆರೇಳು ಗಂಟೆ. ಪಶ್ಚಿಮದ ಗೋಡೆ ಸಂಜೆ ನಾಲ್ಕಕ್ಕೆ ಕಾದರೆ, ಒಳಗೆ ಮಲಗಿದವನನ್ನು ಅದು ಮುಟ್ಟುವುದು ರಾತ್ರಿ ಹತ್ತು ಹನ್ನೊಂದಕ್ಕೆ! ಹೊರಗೆ ಗಾಳಿ ತಣ್ಣಗಾಗಿದ್ದರೂ ಕೋಣೆಯಲ್ಲಿ ನಿದ್ರೆ ಬಾರದಿರುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳ ಎರಡು ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಾದರೋ ದಿನದ ಅಲೆ ಒಳಗೆ ತಲಪುವ ವೇಳೆಗೆ ನೂರರಲ್ಲಿ ಒಂದೆರಡು ಪಾಲೂ ಉಳಿದಿರುವುದಿಲ್ಲ. ಹಗಲೂ ಇರುಳೂ ಒಳಗೆ ಒಂದೇ ಹದ. ತಗಡಿನ ಮನೆ ಇದಕ್ಕೆ ತದ್ವಿರುದ್ಧ. ತಗಡು ತೆಳುವಾದುದರಿಂದ ಶಾಖವನ್ನು ಕೂಡಿಡಲಾರದು. ಹಗಲೆಲ್ಲ ಸುಡುತ್ತದೆ, ಹೊತ್ತು ಮುಳುಗಿದೊಡನೆ ಆರುತ್ತದೆ. ಬಯಲಿನಲ್ಲಿ ಒಂಟಿಯಾಗಿರುವ ತಗಡಿನ ಜೋಪಡಿಯಲ್ಲಿ ರಾತ್ರಿಯಾದರೂ ಸಹ್ಯ. ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ತಗಡಿನ ಮನೆಗೆ ಆ ಸುಖವೂ ಇಲ್ಲ.

ಪಟ್ಟಣದ ಶಾಖಕ್ಕೆ ಅಲ್ಲಿ ಕಿಕ್ಕಿರಿದ ಜನರೇ ಕಾರಣರೆಂದು ಕೆಲವರು ಹೇಳುವುದುಂಟು. ವಿಶ್ರಾಂತಿಯಲ್ಲಿರುವ ಮನುಷ್ಯನ ದೇಹ ಸುಮಾರು 100 ವ್ಯಾಟ್ ಶಾಖವನ್ನು ಹೊರಸೂಸುತ್ತದೆ. ಚದರ ಕಿಲೋಮೀಟರಿಗೆ 20,000 ಜನರಿದ್ದರೂ ಇದು ಚದರ ಮೀಟರಿಗೆ 2 ವ್ಯಾಟ್ ಮಾತ್ರ. ವಾಹನ, ಒಲೆ, ಯಂತ್ರಗಳು ಇದಕ್ಕಿಂತ ಹೆಚ್ಚು ಸೇರಿಸುತ್ತವೆ, ನಿಜ. ಆದರೆ ನಮ್ಮ ದೇಶದ ಸಾಧಾರಣ ಪಟ್ಟಣದಲ್ಲಿ ಮುಖ್ಯ ಅಪರಾಧಿ ಮುಚ್ಚಿದ ನೆಲ ಮತ್ತು ಮುಚ್ಚಿದ ಆಕಾಶವೇ ಹೊರತು ಜನರಲ್ಲ.

ಇಷ್ಟನ್ನು ಓದಿ, ಹಳ್ಳಿ ಎಂದರೆ ಎಲ್ಲ ಕಾಲದಲ್ಲಿಯೂ ತಂಪು ಎಂದು ತೀರ್ಮಾನಿಸುವುದು ಸಲ್ಲದು. ಹಳ್ಳಿಯ ತಂಪು ನೀರಿನ ಸಾಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ರಾಯಚೂರು, ಕಲಬುರಗಿಗಳ ಕಡೆ ಕೊಯ್ಲು ಮುಗಿದ ಕರಿಮಣ್ಣಿನ ಹೊಲಗಳನ್ನು ನೆನೆಯಿರಿ. ಬೆಳೆಯಿಲ್ಲ, ಮರವಿಲ್ಲ, ಮಣ್ಣಿನಲ್ಲಿ ಪಸೆಯಿಲ್ಲ, ಬಣ್ಣವೋ ಕಪ್ಪು. ಆವಿಯಾಗಲು ಏನೂ ಇಲ್ಲದ ಮೇಲೆ ಬಂದ ಬಿಸಿಲೆಲ್ಲ ಮಣ್ಣಿನ ಮೇಲ್ಮೈಯನ್ನೂ ಗಾಳಿಯನ್ನೂ ಕಾಯಿಸಲೇಬೇಕು. ಮಳೆಗಾಲಕ್ಕೆ ಮುಂಚಿನ ಇಂತಹ ಹಗಲುಗಳಲ್ಲಿ ಭಾರತದ ಅನೇಕ ಪಟ್ಟಣಗಳ ಮೇಲ್ಮೈ ಸುತ್ತಲಿನ ಹಳ್ಳಿಗಾಡಿಗಿಂತ ತಂಪಾಗಿರುವುದನ್ನು ಉಪಗ್ರಹಗಳ ಮಾಪನಗಳು ತೋರಿಸಿಕೊಟ್ಟಿವೆ. ನಲ್ಲಿಯ ನೀರಿನಲ್ಲಿ ಬೆಳೆದ ಅಂಗಳದ ಗಿಡಗಳು, ಉದ್ಯಾನಗಳು, ಸಾಲುಮರಗಳು ಆಗ ಪಟ್ಟಣವನ್ನು ಒಂದು ಓಯಸಿಸ್ ಮಾಡುತ್ತವೆ. ಆದರೆ ಅದೇ ಉಪಗ್ರಹ ರಾತ್ರಿ ಹಾದುಹೋದಾಗ ಚಿತ್ರ ತಿರುಗಿರುತ್ತದೆ: ಒಣಮಣ್ಣು ಕೂಡಿಟ್ಟ ಅಲ್ಪ ಶಾಖ ಬೇಗನೆ ಖರ್ಚಾಗಿ ಬಯಲು ತಣಿದಿದೆ, ಪಟ್ಟಣ ಇನ್ನೂ ಬೆಚ್ಚಗಿದೆ. ಮಳೆಗಾಲದಲ್ಲಿ ಗಾಳಿ ಬೀಸಿ, ಮೋಡ ಕವಿದು, ಮಣ್ಣು ನೆನೆದಾಗ ಈ ರಾತ್ರಿಯ ಅಂತರ ಬಹುಪಾಲು ಅಳಿಸಿಹೋಗುತ್ತದೆ. ಆದ್ದರಿಂದ ಉಷ್ಣಮಾಪಕವು ಹಳ್ಳಿ ಪಟ್ಟಣಗಳ ನಡುವೆ ಎಳೆಯುವ ಗೆರೆ ಋತುವಿನೊಡನೆ ಮಾಸುತ್ತದೆ, ಮೂಡುತ್ತದೆ.

ಹಾಗಾದರೆ ಊರು ಎಷ್ಟು ದೊಡ್ಡದಾದಾಗ ಈ ಗೆರೆ ಮೂಡುತ್ತದೆ? ಕೆನಡಾದ ಹವಾವಿಜ್ಞಾನಿ ಟಿ. ಆರ್. ಓಕ್ 1973ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಸೇಂಟ್ ಲಾರೆನ್ಸ್ ನದಿಯ ಬಯಲಿನಲ್ಲಿ ಸುಮಾರು ಸಾವಿರ ಜನರ ಹಳ್ಳಿಯಿಂದ ಹಿಡಿದು ಇಪ್ಪತ್ತು ಲಕ್ಷ ಜನರ ನಗರದವರೆಗೆ ಹತ್ತು ಊರುಗಳನ್ನು ಅವರು ಹೋಲಿಸಿದರು. ಜನಸಂಖ್ಯೆಯ ಲಾಗರಿದಮ್ ಬೆಳೆದಂತೆ ಉಷ್ಣದ್ವೀಪದ ಗರಿಷ್ಠ ಎತ್ತರ ಸರಳರೇಖೆಯಲ್ಲಿ ಬೆಳೆಯುತ್ತದೆಂದು ತಿಳಿದುಬಂತು. ಜನಸಂಖ್ಯೆ ಹತ್ತು ಪಟ್ಟಾದರೆ ಉತ್ತರ ಅಮೆರಿಕದ ಊರುಗಳಲ್ಲಿ ಸುಮಾರು 3 ಡಿಗ್ರಿ, ಯೂರೋಪಿನ ನಗರಗಳಲ್ಲಿ ಸುಮಾರು 2 ಡಿಗ್ರಿ ಸೆಲ್ಸಿಯಸ್ ಏರಿಕೆ. ಇವು ಗಾಳಿ ಮೋಡಗಳಿಲ್ಲದ ರಾತ್ರಿಗಳ ಗರಿಷ್ಠ ಅಂಕಿಗಳು, ಅದೂ ಶೀತದೇಶಗಳವು. ಉಷ್ಣವಲಯದ ನಗರಗಳಲ್ಲಿ ಅಂತರ ಸಾಮಾನ್ಯವಾಗಿ ಇದಕ್ಕಿಂತ ಕಡಮೆ. ಆದರೆ ನಮ್ಮನ್ನು ಸೆಳೆಯುವುದು ರೇಖೆಯ ಮೇಲಿನ ತುದಿಯಲ್ಲ, ಕೆಳಗಿನ ತುದಿ. ಸಾವಿರ ಜನರ ಹಳ್ಳಿಯೂ ತನ್ನ ಸುತ್ತಲಿನ ಹೊಲಗಳಿಗಿಂತ ಎರಡು ಡಿಗ್ರಿಯಷ್ಟು ಬೆಚ್ಚಗಿರಬಲ್ಲದು! 5,000 ಎಂಬಲ್ಲಿ ರೇಖೆ ಬಾಗುವುದಿಲ್ಲ, ಮುರಿಯುವುದಿಲ್ಲ. ಹಳ್ಳಿ ಮತ್ತು ಪಟ್ಟಣ ಎಂಬ ಎರಡು ಜಾತಿಗಳು ಪ್ರಕೃತಿಯಲ್ಲಿಲ್ಲ. ಮುಚ್ಚಿದ ನೆಲದ ಹೆಚ್ಚು ಕಡಮೆಗಳಷ್ಟೇ ಇವೆ.

ನಮ್ಮ ನಾಡನ್ನೇ ನೋಡಿದರೂ ಇದು ಸ್ಪಷ್ಟ. ಬಯಲುಸೀಮೆಯ ಹಳ್ಳಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿ ಗುಂಪುಗೂಡಿರುತ್ತವೆ, ಓಣಿಗಳು ಕಿರಿದಾಗಿರುತ್ತವೆ, ಹೊಲಗಳು ಊರಾಚೆ ಇರುತ್ತವೆ. ಆಕಾರದಲ್ಲಿ ಅವು ಆಗಲೇ ಪುಟ್ಟ ಪಟ್ಟಣಗಳು. ಮಲೆನಾಡು, ಕೊಡಗು, ಕರಾವಳಿಗಳಲ್ಲಿ ಒಂದೊಂದು ಮನೆಯೂ ತನ್ನ ತೋಟ ಗದ್ದೆಗಳ ನಡುವೆ ಒಂಟಿ. ಒಂದು ಗ್ರಾಮದ ಹೆಸರಿನಲ್ಲಿ ಸಾವಿರಾರು ಜನರಿದ್ದರೂ ಉಷ್ಣಮಾಪಕವನ್ನು ಹಿಡಿದು ಅಲೆದವನಿಗೆ ಅಲ್ಲಿ ಊರೇ ಸಿಕ್ಕಲಾರದು. ಜನಗಣತಿಯ ಪುಸ್ತಕದಲ್ಲಿ ಇವೆರಡೂ ಗ್ರಾಮಗಳೇ.

ಈಗ ಮೊದಲು ಹೇಳಿದ ಗಣತಿ ಪಟ್ಟಣಗಳಿಗೆ ಹಿಂದಿರುಗೋಣ. ಇವು ಗ್ರಾಮ ಪಂಚಾಯಿತಿಯ ಆಡಳಿತದಲ್ಲಿರುವಾಗಲೇ ಹೆದ್ದಾರಿಯ ಎರಡೂ ಬದಿಗೆ ಅಂಗಡಿ ಮಳಿಗೆಗಳು ಏಳುತ್ತವೆ; ಹಿತ್ತಿಲುಗಳು ನಿವೇಶನಗಳಾಗುತ್ತವೆ; ಊರ ಮುಂದಿನ ಕುಂಟೆಯನ್ನು ಮಣ್ಣು ತುಂಬಿ ಮುಚ್ಚುತ್ತಾರೆ; ಎತ್ತಿನ ಗಾಡಿಗೆಂದು ಬಿಟ್ಟ ಓಣಿಯ ಎರಡು ಕಡೆಯೂ ಮೂರು ಅಂತಸ್ತು ನಿಲ್ಲುತ್ತದೆ. ಬೀದಿಯ ಅಗಲವೂ ಆಕಾಶದ ಪಾಲೂ ನಿರ್ಧಾರವಾಗುವುದು ಈ ಹತ್ತು ಹದಿನೈದು ವರ್ಷಗಳಲ್ಲಿ. ಮುಂದೆ ಎಂದೋ ಪುರಸಭೆ ಬಂದು ನಕ್ಷೆ ಬಿಡಿಸುವ ಹೊತ್ತಿಗೆ ಗೋಡೆಗಳು ನಿಂತುಬಿಟ್ಟಿರುತ್ತವೆ. ಗೋಡೆಯನ್ನು ಹಿಂದಕ್ಕೆ ಸರಿಸಿದ ಪುರಸಭೆಯನ್ನು ನಾವು ಕಂಡಿಲ್ಲ. ದೊಡ್ಡ ನಗರಗಳ ಶಾಖವನ್ನು ಕುರಿತು ಸಮಿತಿಗಳು ನೇಮಕವಾಗುತ್ತವೆ. 2010ರ ಮೇ ತಿಂಗಳಿನ ಉಗ್ರ ಬಿಸಿಗಾಳಿಯ ತರುವಾಯ ಅಹಮದಾಬಾದು ನಗರವು 2013ರಲ್ಲಿ ಶಾಖ ನಿರ್ವಹಣೆಯ ಯೋಜನೆಯೊಂದನ್ನು ಜಾರಿಗೆ ತಂದು ಇತರ ನಗರಗಳಿಗೆ ಮೇಲ್ಪಂಕ್ತಿ ಹಾಕಿಕೊಟ್ಟಿತು. ಆದರೆ ಅರ್ಧ ಹಳ್ಳಿ, ಅರ್ಧ ಪಟ್ಟಣವಾದ ಊರುಗಳ ಇರುಳನ್ನು ವಿಚಾರಿಸುವವರು ಕಡಮೆ.

ಇರುಳಿಗೆ ಇಷ್ಟು ಮಹತ್ವವೇಕೆ? ಹಗಲೆಲ್ಲ ಬಿಸಿಲಿನಲ್ಲಿ ದುಡಿದ ದೇಹ ತನ್ನ ಶಾಖವನ್ನು ಇಳಿಸಿಕೊಂಡು ಚೇತರಿಸಿಕೊಳ್ಳುವುದು ರಾತ್ರಿಯಲ್ಲಿ. ಗಾರೆ ಕೆಲಸದವನಿಗೂ ಮುದುಕರಿಗೂ ಹಸುಗೂಸಿಗೂ ಮಧ್ಯಾಹ್ನದ 40 ಡಿಗ್ರಿಯಷ್ಟೇ ಅಪಾಯಕಾರಿಯಾದುದು ಆರದ ರಾತ್ರಿ. ಭಾರತದ ಹವಾಮಾನ ಇಲಾಖೆಯೂ ಇದನ್ನು ಗುರುತಿಸಿದೆ. ಹಗಲಿನ ಗರಿಷ್ಠ ಉಷ್ಣತೆ 40 ಡಿಗ್ರಿಯನ್ನು ತಲಪಿದಾಗ, ಕನಿಷ್ಠ ಉಷ್ಣತೆಯು ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ಮೇಲಿದ್ದರೆ ಅದನ್ನು ಬೆಚ್ಚನೆಯ ರಾತ್ರಿಯೆಂದೂ, 6.4 ಡಿಗ್ರಿಯನ್ನು ಮೀರಿದರೆ ಅತಿ ಬೆಚ್ಚನೆಯ ರಾತ್ರಿಯೆಂದೂ ಘೋಷಿಸುತ್ತದೆ. ಆದರೆ ಇಲಾಖೆಯ ಉಷ್ಣಮಾಪಕವಿರುವುದು ತೆರೆದ ಹುಲ್ಲುನೆಲದ ಮೇಲೆ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ. ನೂರಕ್ಕೆ 20 ಪಾಲು ಆಕಾಶವುಳ್ಳ ಗಲ್ಲಿಯಲ್ಲಿ ಮಲಗಿದವನ ರಾತ್ರಿ ಅದರಲ್ಲಿ ದಾಖಲಾಗುವುದಿಲ್ಲ.

ಅದನ್ನು ದಾಖಲಿಸುವುದು ವಿದ್ಯಾರ್ಥಿಗಳ ಕೈಗೆ ಮೀರಿದ ಕೆಲಸವಲ್ಲ. ಪ್ರತಿ ಕಾಲೇಜಿನಲ್ಲಿಯೂ ಹಳ್ಳಿಯಿಂದ ಬರುವವರು ಕೆಲವರು, ಪಟ್ಟಣದಲ್ಲಿಯೇ ಇರುವವರು ಕೆಲವರು ಇದ್ದೇ ಇರುತ್ತಾರೆ. ಇಬ್ಬರು ಕೂಡಿ ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಕೊಳ್ಳಲಿ. ಮೊದಲು ಅವೆರಡನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ, ತೋರಿಸುವ ಅಂಕಿಗಳಲ್ಲಿ ಅಂತರವಿದ್ದರೆ ಗುರುತು ಹಾಕಿಕೊಳ್ಳಬೇಕು. ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ. ಬಳಿಕ ಒಬ್ಬನು ಹಳ್ಳಿಯಲ್ಲಿ, ಇನ್ನೊಬ್ಬನು ಪಟ್ಟಣದಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ಗೋಡೆಗೆ ತಾಗದಂತೆ, ಬಿಸಿಲು ನೇರವಾಗಿ ಬೀಳದಂತೆ ಅದನ್ನು ತೂಗುಹಾಕಬೇಕು. ಮಧ್ಯಾಹ್ನ ಎರಡು ಗಂಟೆ, ಸೂರ್ಯಾಸ್ತ, ಸೂರ್ಯಾಸ್ತವಾದ ಮೂರು ಗಂಟೆಗಳ ಬಳಿಕ, ಮತ್ತು ಸೂರ್ಯೋದಯಕ್ಕೆ ಮುನ್ನ, ಹೀಗೆ ದಿನಕ್ಕೆ ನಾಲ್ಕು ಸಲ ಓದಿದರೆ ಸಾಕು. ಬಯಲು ಬೇಗನೆ ತಣಿಯುವುದು ಸೂರ್ಯಾಸ್ತದ ಮೊದಲ ಕೆಲವು ಗಂಟೆಗಳಲ್ಲಾದುದರಿಂದ ಮೂರನೆಯ ಓದು ಎಲ್ಲಕ್ಕಿಂತ ಮುಖ್ಯ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿದರೆ ಸೂರಿನ ಕೋನವನ್ನಳೆಯುವ ಉಪಕರಣ ಸಿದ್ಧ. ಎರಡು ಊರುಗಳ ಎತ್ತರವನ್ನೂ ನಕ್ಷೆಯಿಂದ ತಿಳಿದುಕೊಳ್ಳಬೇಕು. ನೂರು ಮೀಟರ್ ಏರಿದರೆ ಉಷ್ಣತೆ ಸರಾಸರಿ 0.65 ಡಿಗ್ರಿಯಷ್ಟು ಇಳಿಯುವುದರಿಂದ, ಸುಮಾರು 900 ಮೀಟರ್ ಎತ್ತರದ ಬೆಂಗಳೂರನ್ನು ಅದಕ್ಕಿಂತ ಇನ್ನೂರು ಮೀಟರ್ ತಗ್ಗಿನ ಹಳ್ಳಿಯೊಡನೆ ಹೋಲಿಸಿದರೆ ಉಷ್ಣದ್ವೀಪವೆಲ್ಲ ಮುಳುಗಿಹೋದೀತು. ಜನವರಿ ಫೆಬ್ರವರಿ ತಿಂಗಳುಗಳ ತಿಳಿಯಾದ ರಾತ್ರಿಗಳು ಈ ಕೆಲಸಕ್ಕೆ ಉತ್ತಮ. ಗಾಳಿ ಬೀಸಿದ ಅಥವಾ ಮೋಡ ಕವಿದ ರಾತ್ರಿಯ ಅಂಕಿಗಳನ್ನು ಬಿಸಾಡದೆ, ಬೇರೆ ಪುಟದಲ್ಲಿ ಬರೆದಿಡಬೇಕು.